ಹೊಸದಾಗಿ ನೆಟ್ಟ ಗುಲಾಬಿ ಗಿಡ ಮತ್ತೆ ಹೂ ಬಿಡಬೇಕಾದರೆ ಏನು ಮಾಡಬೇಕು?

ಕೆಂಪು ಗುಲಾಬಿ ಗಿಡ ತಂದು ನೆಟ್ಟು ಐದು ವಾರವಾಯಿತು, ತರುವಾಗ ಮೂರು ಹೂ, ನಾಲ್ಕು ಮೊಗ್ಗು ಇದ್ದವು, ಅವೆಲ್ಲ ಅರಳಿ ಉದುರಿದ ಮೇಲೆ ಒಂದು ಮೊಗ್ಗೂ ಕಾಣಿಸಿಲ್ಲ, ಕೆಳಗಿನ ಎಲೆಗಳು ಹಳದಿಯಾಗಿ ಬೀಳುತ್ತಿವೆ, ಬುಡದಿಂದ ಎದ್ದ ಒಂದು ಚಿಗುರು ಮಾತ್ರ ಹುಲುಸಾಗಿ ಬೆಳೆಯುತ್ತಿದೆ, ಯಾವ ಗೊಬ್ಬರ ಹಾಕಲಿ ಎಂದು ಕೇಳಿದ್ದೀರಿ. ಕೊನೆಯ ಮಾತಿಗೇ ಮೊದಲು ಉತ್ತರಿಸುತ್ತೇನೆ: ಈಗ ಯಾವ ಗೊಬ್ಬರವನ್ನೂ ಹಾಕಬೇಡಿ. ಆ ಚಿಗುರಿನ ಬಗ್ಗೆ ನೀವು ಸಂತೋಷದಿಂದ ಬರೆದಿದ್ದೀರಿ. ನನಗೆ ಆತಂಕವಾದದ್ದು ಅದನ್ನು ಓದಿದಾಗಲೇ. ಅದರ ವಿಚಾರ ಮುಂದೆ ಹೇಳುತ್ತೇನೆ.

ನರ್ಸರಿಯಿಂದ ಬರುವಾಗ ಗಿಡದ ಮೇಲಿದ್ದ ಹೂಗಳು ನಿಮ್ಮ ಮಣ್ಣಿನ ಹೂಗಳಲ್ಲ. ಅಲ್ಲಿನ ಬಿಸಿಲು, ಅಲ್ಲಿನ ಆರೈಕೆ ಸೇರಿ ಆದ ಮೊಗ್ಗುಗಳು ನಿಮ್ಮ ಮನೆಗೆ ಬಂದು ಅರಳಿದವು, ಅಷ್ಟೆ. ಕಿತ್ತು ನೆಡುವಾಗ ನೀರು ಹೀರುವ ಕೂದಲಿನಂಥ ಬೇರುಗಳು ಹರಿದುಹೋಗುತ್ತವೆ. ಅವು ಮತ್ತೆ ಮೂಡುವವರೆಗೆ ಗಿಡಕ್ಕೆ ಮೇಲಿನ ಸಂಸಾರ ನಡೆಸಲು ತ್ರಾಣವಿರುವುದಿಲ್ಲ. ಬೇರೂರಿದ ಆರೋಗ್ಯವಂತ ಗಿಡಕ್ಕೇ ಹೂ ಕತ್ತರಿಸಿದ ಮೇಲೆ ಮುಂದಿನ ಹೂ ಅರಳಲು ಹವೆಗೆ ತಕ್ಕಂತೆ ಸುಮಾರು 6ರಿಂದ 8 ವಾರ ಬೇಕು. ಐದೇ ವಾರಕ್ಕೆ, ಅದೂ ಜಾಗ ಬದಲಾಯಿಸಿದ ಗಿಡದಿಂದ, ಮೊಗ್ಗು ಬರಲಿಲ್ಲವೆಂದು ನೊಂದುಕೊಳ್ಳಬೇಡಿ.

ನಾನು ಮೊದಲು ನೆಟ್ಟ ಗುಲಾಬಿಗೆ ನಾಲ್ಕನೆಯ ದಿನವೇ ಒಂದು ಹಿಡಿ ರಾಸಾಯನಿಕ ಗೊಬ್ಬರ ಹಾಕಿದ್ದೆ. ವಾರದೊಳಗೆ ಎಲೆಗಳ ಅಂಚು ಸುಟ್ಟಂತಾಯಿತು, ಆಮೇಲೆ ಕಡ್ಡಿಗಳು ತುದಿಯಿಂದ ಕಪ್ಪಾಗುತ್ತ ಬಂದವು. ಮಣ್ಣಿನಲ್ಲಿ ಲವಣ ಹೆಚ್ಚಾದರೆ ಬೇರು ನೀರನ್ನು ಹೀರಲಾರದು, ಇದ್ದ ನೀರನ್ನೂ ಕಳೆದುಕೊಳ್ಳುತ್ತದೆ. ನೀರಿನ ನಡುವೆಯೇ ಆ ಗಿಡ ಬಾಯಾರಿ ಸತ್ತಿತು. ಇಷ್ಟು ವರ್ಷಗಳಾದರೂ ನನಗೆ ಅದರ ನೋವಿದೆ. ನಿಮ್ಮ ಪ್ರಶ್ನೆಗೆ ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕಾಗಿಯೇ.

ಹೂವಿಗಾಗಿ ಗುಲಾಬಿಯನ್ನು ಓಲೈಸುವ ಅಗತ್ಯ ಏಕಿಲ್ಲ ಎಂಬುದಕ್ಕೆ ಒಂದು ಸುಂದರವಾದ ಕಾರಣವಿದೆ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿದ್ದವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾದ ಗುಲಾಬಿಗಳು ಅಲ್ಲಿಗೆ ಹೋದ ಮೇಲೆ, ಅವುಗಳೊಡನೆ ಬೆರೆತು ವರ್ಷವಿಡೀ ಸರದಿಯಂತೆ ಅರಳುವ ತಳಿಗಳು ಬಂದವು. ಅಂಥ ತಳಿಗಳ ಒಂದು ಗುಂಪಿಗೆ ಹೈಬ್ರಿಡ್ ಟೀ ಎಂದು ಹೆಸರು. ಅದರಲ್ಲಿ ಮೊದಲನೆಯದು ಎಂದು ಹೇಳುವ 'ಲಾ ಫ್ರಾನ್ಸ್' 1867ರದ್ದು. ಚೀನೀ ಗುಲಾಬಿಗಳು ಕೊಟ್ಟದ್ದು ಹೂ ಬಿಡಿಸುವ ಹೊಸ ಶಕ್ತಿಯನ್ನಲ್ಲ. ಹೂವನ್ನು ತಡೆಹಿಡಿಯುವ ಒಂದು ಜೀನ್ ಅವುಗಳಲ್ಲಿ ಕೆಟ್ಟು ಸುಮ್ಮನಾಗಿತ್ತು. ಆ ಕಟ್ಟೆ ಒಡೆದದ್ದೇ ವರವಾಯಿತು. ಹಾಗಾಗಿ ಇಂಥ ತಳಿಯಲ್ಲಿ ಬಲವಾದ ಪ್ರತಿಯೊಂದು ಹೊಸ ಚಿಗುರೂ, ಸಾಕಷ್ಟು ಬೆಳಕು ಸಿಕ್ಕರೆ, ತಾನಾಗಿ ಹೂವಿನಲ್ಲಿ ಕೊನೆಯಾಗುತ್ತದೆ. ನೀವು ನೋಡಿಕೊಳ್ಳಬೇಕಾದದ್ದು ಚಿಗುರನ್ನು. ಚಿಗುರಿಗೆ ಬೇಕಾದದ್ದು ಬೇರು ಮತ್ತು ಎಲೆ. (ನಿಮ್ಮದು ಡಮಾಸ್ಕ್‌ನಂಥ ಹಳೆಯ ತಳಿಯಾಗಿದ್ದರೆ ಮಾತು ಬೇರೆ. ಅವುಗಳಲ್ಲಿ ಹೆಚ್ಚಿನವು ಹಿಂದಿನ ವರ್ಷದ ಕಡ್ಡಿಯ ಮೇಲೆ, ವರ್ಷಕ್ಕೊಮ್ಮೆ ಮಾತ್ರ ಅರಳುತ್ತವೆ. ಗಿಡದ ಚೀಟಿ ಉಳಿದಿದ್ದರೆ ನೋಡಿ.)

ಈಗ ಆ ಹುಲುಸಾದ ಚಿಗುರು. ಮಾರಾಟಕ್ಕೆ ಬರುವ ಗುಲಾಬಿಗಳಲ್ಲಿ ಬಹುಪಾಲು ಕಸಿ ಗಿಡಗಳು. ಬೇರು ಒಂದು ಗಟ್ಟಿ ಕಾಡುಜಾತಿಯದು, ಮೇಲಿನ ಗಿಡ ನೀವು ಬಯಸಿದ ತಳಿಯದು. ಎರಡೂ ಸೇರಿದ ಜಾಗದಲ್ಲಿ ಕಾಂಡ ಗಂಟಿನಂತೆ ಉಬ್ಬಿರುತ್ತದೆ. ನಾಳೆ ಬೆಳಿಗ್ಗೆ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲನೆ ಸರಿಸಿ, ನಿಮ್ಮ ಚಿಗುರು ಆ ಗಂಟಿನ ಮೇಲಿನಿಂದ ಹೊರಟಿದೆಯೋ ಕೆಳಗಿನಿಂದಲೋ ನೋಡಿ. ಮೇಲಿನಿಂದಲೋ ಗಂಟಿನಿಂದಲೋ ಬಂದಿದ್ದರೆ ಅದಕ್ಕಿಂತ ಶುಭಸೂಚನೆ ಬೇರೆ ಇಲ್ಲ. ಮುಂದಿನ ವರ್ಷಗಳಲ್ಲಿ ಗಿಡವನ್ನು ಹೊರುವ ಕೊಂಬೆ ಅದು, ಮುಟ್ಟಬೇಡಿ. ಕೆಳಗಿನಿಂದ ಬಂದಿದ್ದರೆ ಅದು ಬೇರಿನ ಕಾಡು ಚಿಗುರು. ನಿಮ್ಮ ಗುಲಾಬಿಗೆ ಸೇರಬೇಕಾದ ಅನ್ನವನ್ನೆಲ್ಲ ಅದೇ ಉಣ್ಣುತ್ತಿದೆ. "ನೆಟ್ಟದ್ದು ಕೆಂಪು ಗುಲಾಬಿ, ಈಗ ಬಿಡುತ್ತಿರುವುದು ಚಿಕ್ಕ ಬಿಳಿ ಹೂವಿನ ಗೊಂಚಲು" ಎಂದು ಬೆರಗಾಗುವವರ ಗಿಡದಲ್ಲಿ ನಡೆದಿರುವುದು ಸಾಮಾನ್ಯವಾಗಿ ಇದೇ. ಕಸಿ ಸತ್ತು ಬೇರು ಬದುಕಿರುತ್ತದೆ.

ಒಂದೊಂದು ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು, ಐದು ಇದ್ದರೆ ಒಳ್ಳೆಯದು ಎಂಬ ಲೆಕ್ಕವನ್ನು ದಯವಿಟ್ಟು ನಂಬಬೇಡಿ. ಒಳ್ಳೆಯ ತಳಿಗಳಲ್ಲೂ ಏಳೆಲೆಯ ಕಡ್ಡಿಗಳು ಬರುತ್ತವೆ. ಎಷ್ಟೋ ಜನ ಇದೇ ಲೆಕ್ಕ ಹಿಡಿದು ಗಿಡದ ಅತ್ಯುತ್ತಮ ಕೊಂಬೆಯನ್ನೇ ಕತ್ತರಿಸಿ ಹಾಕುತ್ತಾರೆ. ಎಲೆಯ ಬಣ್ಣ, ಮುಳ್ಳಿನ ಆಕಾರ ಉಳಿದ ಗಿಡಕ್ಕಿಂತ ಬೇರೆಯಾಗಿದ್ದರೆ ಅನುಮಾನ ಪಡಿ, ಆದರೆ ತೀರ್ಮಾನವನ್ನು ಅದು ಹುಟ್ಟಿದ ಜಾಗ ನೋಡಿಯೇ ಮಾಡಿ. ಕಾಡು ಚಿಗುರು ಎಂದು ಖಚಿತವಾದರೆ ಕತ್ತರಿ ಬೇಡ. ಕತ್ತರಿಸಿದರೆ ಬುಡದಲ್ಲಿ ಉಳಿದ ಕಣ್ಣುಗಳಿಂದ ಒಂದರ ಬದಲು ನಾಲ್ಕು ಏಳುತ್ತವೆ. ಕೈಗವಸು ಹಾಕಿಕೊಂಡು, ಹುಟ್ಟಿದ ಜಾಗದವರೆಗೆ ಮಣ್ಣು ಬಿಡಿಸಿ, ಕೆಳಮುಖವಾಗಿ ಎಳೆದು ಬುಡಸಮೇತ ಕಿತ್ತುಬಿಡಿ. ನಿಮ್ಮದು ಕಡ್ಡಿ ನೆಟ್ಟು ಬೆಳೆಸಿದ ಗಿಡವಾಗಿದ್ದರೆ ಈ ಚಿಂತೆಯೇ ಇಲ್ಲ. ಬೇರಿನಿಂದ ಬಂದದ್ದೂ ಅದೇ ತಳಿ.

ಹಳದಿ ಎಲೆಗಳ ವಿಚಾರಕ್ಕೆ ಬರುತ್ತೇನೆ. ಜಾಗ ಬದಲಾದ ಗಿಡ ಕೆಳಗಿನ ಕೆಲವು ಹಳೆಯ ಎಲೆಗಳನ್ನು ಬಿಡುವುದು ಸಹಜ. ಆದರೆ ನೀರನ್ನು ಪರೀಕ್ಷಿಸದೆ ಸುಮ್ಮನಿರಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ. ಅಲ್ಲಿ ತೇವವಿದ್ದರೆ ಆ ದಿನ ನೀರು ಬೇಡ, ಒಣಗಿದ್ದರೆ ಆಳಕ್ಕೆ ಇಳಿಯುವಂತೆ ನಿಧಾನವಾಗಿ ಹೊಯ್ಯಿರಿ. ದಿನವೂ ಒಂದು ಲೋಟ ಚಿಮುಕಿಸುವುದು ಬೇರನ್ನು ಮೇಲ್ಪದರದಲ್ಲೇ ಉಳಿಸುತ್ತದೆ. ಹಲವರ ಗಮನಕ್ಕೆ ಬಾರದ ಇನ್ನೊಂದು ತೊಂದರೆಯಿದೆ. ಎಷ್ಟೋ ಗಿಡಗಳು ಜಿಗುಟು ಮಣ್ಣಿನ ಗಟ್ಟಿ ಉಂಡೆಯೊಂದಿಗೆ ಬರುತ್ತವೆ. ಸುತ್ತಲೂ ನೀವು ಸಡಿಲವಾದ ಒಳ್ಳೆಯ ಮಣ್ಣು ತುಂಬಿದಾಗ ನೀರು ಅದರ ಮೂಲಕ ಇಳಿದುಹೋಗುತ್ತದೆ, ಬೇರಿರುವ ಉಂಡೆ ಮಾತ್ರ ಒಣಗಿ ಕಲ್ಲಾಗಿರುತ್ತದೆ. ತೆಳುವಾದ ಕಡ್ಡಿಯೊಂದನ್ನು ಕಾಂಡದ ಹತ್ತಿರ ಚುಚ್ಚಿ ನೋಡಿ. ಇಳಿಯದಿದ್ದರೆ ಅದೇ ಕಡ್ಡಿಯಿಂದ ಮೂರು ನಾಲ್ಕು ಕಡೆ ತೂತು ಮಾಡಿ, ಅರ್ಧ ಗಂಟೆಯ ಅಂತರದಲ್ಲಿ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ನೀರು ಕೊಡಿ. ಬುಡದಲ್ಲಿ ತರಗೆಲೆಯ ಹೊದಿಕೆ ಇರಲಿ, ಕಾಂಡಕ್ಕೆ ಮಾತ್ರ ತಾಗದಿರಲಿ.

ಹಳದಿಯ ನಡುವೆ ಅಂಚು ಹರಿದಂಥ ಕಪ್ಪು ಮಚ್ಚೆಗಳಿದ್ದರೆ ಅದು ಕಪ್ಪು ಚುಕ್ಕೆ ರೋಗ, ಶಿಲೀಂಧ್ರದ ಕೆಲಸ. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಹರಡುತ್ತದೆ. ಬಿದ್ದ ಎಲೆಗಳನ್ನು ಆರಿಸಿ ದೂರ ಹಾಕಿ, ನೀರನ್ನು ಬೆಳಿಗ್ಗೆ ಬುಡಕ್ಕೆ ಮಾತ್ರ ಹೊಯ್ಯಿರಿ.

ಬಿಸಿಲಿನ ಬಗ್ಗೆ ನೀವು ಏನೂ ಬರೆದಿಲ್ಲ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು, ಅದರಲ್ಲೂ ಬೆಳಗಿನದು, ಬೇಕೇ ಬೇಕು. ಬಿಡುವಿನ ದಿನ ಗಡಿಯಾರ ನೋಡಿ ಎಣಿಸಿ. ಅಂದಾಜು ಹೆಚ್ಚಾಗಿ ತಪ್ಪುತ್ತದೆ. ಬೆಳಕು ಸಾಲದಿದ್ದರೆ ಚಿಗುರು ಮೊಗ್ಗಿಲ್ಲದೆ ಬರಿಯ ಎಲೆಯಲ್ಲೇ ಮುಗಿಯುತ್ತದೆ. ಅಂಥ ಕುರುಡು ಚಿಗುರನ್ನು ಅರ್ಧಕ್ಕೆ ಕತ್ತರಿಸಿದರೆ ಕೆಳಗಿನ ಕಣ್ಣಿನಿಂದ ಇನ್ನೊಂದು ಹೊರಡುತ್ತದೆ.

ಉದುರಿದ ಹೂಗಳ ತೊಟ್ಟುಗಳನ್ನು ತೆಗೆದಿದ್ದೀರಾ? ಅವು ಗಿಡದಲ್ಲೇ ಉಳಿದು ಕಾಯಾಗಿ ಊದಿಕೊಂಡರೆ, ಗಿಡ ತನ್ನ ಸಾರವನ್ನು ಬೀಜಕ್ಕೆ ಕೊಡತೊಡಗುತ್ತದೆ. ಹೊರಮುಖವಾಗಿರುವ ಐದೆಲೆಯ ಗೆಣ್ಣಿನ ಮೇಲೆ ಕತ್ತರಿಸಿ ಎಂಬುದು ಎಲ್ಲರೂ ಕೊಡುವ ಸಲಹೆ. ಬೇರೂರಿದ ಗಿಡಕ್ಕೆ ಅದು ಸರಿಯೇ. ಹೊಸ ಗಿಡಕ್ಕೆ ನಾನು ಹಾಗೆ ಮಾಡುವುದಿಲ್ಲ, ಹೂವಿನ ಕತ್ತನ್ನಷ್ಟೇ ತೆಗೆದು ಎಲೆಗಳನ್ನೆಲ್ಲ ಬಿಡುತ್ತೇನೆ. ಬೇರಿಗೆ ಊಟ ಕಳಿಸುವುದು ಎಲೆ. ಇನ್ನೂ ಕಷ್ಟದ ಮಾತೊಂದಿದೆ: ಗಿಡ ಸೊರಗಿರುವಾಗಲೇ ಮೊದಲ ಮೊಗ್ಗುಗಳು ಬಂದರೆ, ಬಟಾಣಿಯಷ್ಟಿರುವಾಗಲೇ ಒಂದು ಸಲ ಚಿವುಟಿಬಿಡಿ. ಇಷ್ಟು ದಿನ ಕಾದು ಕೈಯಾರೆ ಚಿವುಟುವುದಕ್ಕೆ ನನಗೂ ಮನಸ್ಸು ಬರುವುದಿಲ್ಲ. ಆದರೂ ಚಿವುಟುತ್ತೇನೆ. ಆ ಶಕ್ತಿ ಕೆಳಗಿಳಿದು, ಮುಂದಿನ ಸರದಿಯಲ್ಲಿ ಒಂದರ ಬದಲು ನಾಲ್ಕು ಕೊಂಬೆಗಳಲ್ಲಿ ಹೂ ಬಿಟ್ಟದ್ದನ್ನು ನೋಡಿದ್ದೇನೆ.

ಗೊಬ್ಬರಕ್ಕೂ ಕಾಲ ಬರುತ್ತದೆ. ಹೊಸ ಚಿಗುರುಗಳ ಕೆಂಪು ಎಲೆಗಳು ಹಸಿರಾಗಿ ಬಲಿತ ಮೇಲೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಎರಡು ಹಿಡಿಯಷ್ಟು, ಕಾಂಡದಿಂದ ಗೇಣು ದೂರದಲ್ಲಿ ಮಣ್ಣಿಗೆ ಬೆರೆಸಿ ನೀರು ಹೊಯ್ಯಿರಿ. ರಾಸಾಯನಿಕ ಗೊಬ್ಬರ ಹಾಕಲೇಬೇಕೆಂದಿದ್ದರೆ ಮೊದಲ ಸರದಿಯ ಹೂ ಮುಗಿದ ಮೇಲೆ, ಒದ್ದೆ ಮಣ್ಣಿಗೆ, ಗೊಬ್ಬರದ ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಹಾಕಿ. ಸಾರಜನಕ ಹೆಚ್ಚಿರುವುದನ್ನು ಆರಿಸಬೇಡಿ, ಎಲೆಯೇ ತುಂಬಿಕೊಳ್ಳುತ್ತದೆ.

ಮೊಗ್ಗು ಬಂದ ಮೇಲೆ ಅದರ ಅಂಚು ಕಂದಾಗಿ ಅರಳದೆ ನಿಂತರೆ ಬಿಡಿಸಿ ನೋಡಿ. ಒಳಗೆ ಗೆರೆಯಷ್ಟು ಸಣ್ಣ ಹುಳುಗಳು ಓಡಾಡಿದರೆ ಅವು ಥ್ರಿಪ್ಸ್. ಅಂಥ ಮೊಗ್ಗುಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಹಾಕಿ, ಗಿಡದ ಬಳಿ ಬಿಡಬೇಡಿ.

ಸದ್ಯಕ್ಕೆ ಬುಡ ಬಿಡಿಸಿ ಆ ಗಂಟನ್ನು ನೋಡಿ, ತೊಟ್ಟುಗಳನ್ನು ತೆಗೆಯಿರಿ, ಬಿಸಿಲನ್ನು ಎಣಿಸಿ. ಕಸಿಗಂಟಿನ ಮೇಲಿನ ಯಾವುದಾದರೂ ಕಣ್ಣು ಊದಿ ಅಕ್ಕಿಕಾಳಿನಷ್ಟು ಕೆಂಪು ಮೊಳಕೆ ಕಂಡ ದಿನವನ್ನು ಬರೆದಿಟ್ಟುಕೊಂಡು, ಅಲ್ಲಿಂದ ವಾರಗಳನ್ನು ಎಣಿಸತೊಡಗಿ.