ಬ್ರೇಕ್ ಪ್ಯಾಡ್ ರಿಮ್ ಅನ್ನೇ ತಿನ್ನುತ್ತಿದೆ: ಯಾವ ಪ್ಯಾಡ್, ಯಾವ ಚಕ್ರ ಕೊಳ್ಳಲಿ?

ಸೈಕಲ್‌ನ ಹಿಂಚಕ್ರದ ರಿಮ್ (ಟೈರ್ ಕೂರುವ ಬಳೆ) ಸವೆದಿದೆ, ಹೊಸ ಚಕ್ರವೂ ಹೀಗೇ ಆಗದಿರಲು ಏನು ಮಾಡಲಿ ಎಂದು ಕೇಳಿದ್ದೀರಿ. ನಿಜ ಹೇಳಬೇಕೆಂದರೆ ರಿಮ್ ತಿನ್ನುವುದು ರಬ್ಬರ್‌ಗಿಂತ ಹೆಚ್ಚಾಗಿ ಅದರಲ್ಲಿ ಸಿಕ್ಕಿಕೊಂಡ ಮರಳು ಮತ್ತು ಅಲ್ಯೂಮಿನಿಯಂ ಚೂರು. ಮಳೆಯಲ್ಲಿ ಓಡಿಸಿದ ಮೇಲೆ ಪ್ಯಾಡ್ ಬಿಚ್ಚಿ ನೋಡಿ. ಹೊಳೆಯುವ ಚುಕ್ಕೆಗಳಿದ್ದರೆ ಸೂಜಿಯಿಂದ ಕಿತ್ತು, ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿ. ರಿಮ್ ಅನ್ನೂ ಒರೆಸಿ. ಬೇಸರದ ಕೆಲಸವೇ, ಆದರೆ ಇದರಷ್ಟು ಉಪಯೋಗ ಯಾವ ದುಬಾರಿ ಪ್ಯಾಡ್‌ನಿಂದಲೂ ಇಲ್ಲ.

ಪ್ಯಾಡ್ ಕೊಳ್ಳುವುದಾದರೆ ಗಟ್ಟಿಯಾದ ಅಗ್ಗದ ಕಪ್ಪು ಪ್ಯಾಡ್ ಬೇಡ. ಕೂಲ್‌ಸ್ಟಾಪ್ ಕಂಪನಿಯ ಸಾಲ್ಮನ್ (ಕಿತ್ತಳೆ-ಗುಲಾಬಿ) ಬಣ್ಣದ್ದು ನನ್ನ ಆಯ್ಕೆ: ಒದ್ದೆಯಲ್ಲೂ ಹಿಡಿಯುತ್ತದೆ, ರಿಮ್‌ಗೂ ಮೃದು. ಕಾರ್ಬನ್ ರಿಮ್ ಇದ್ದರೆ ಅದಕ್ಕೆಂದೇ ಮಾಡಿದ ಪ್ಯಾಡ್ ಬೇಕು. ಅಲ್ಯೂಮಿನಿಯಂ ಮೇಲೆ ಬಳಸಿದ್ದನ್ನು ಅದಕ್ಕೆ ಹಾಕಲೇಬೇಡಿ.

ಚಕ್ರ ಕೊಳ್ಳುವಾಗ ಟೈರ್ ಮೇಲಿನ ಸಂಖ್ಯೆ ಓದಿ: 700ಸಿ ಎಂದರೆ ಟೈರ್ ಕೂರುವ ಜಾಗದಲ್ಲಿ ರಿಮ್‌ನ ವ್ಯಾಸ 622 ಮಿ.ಮೀ., ಹಳೆಯ 26 ಇಂಚಿನ ಎಂಟಿಬಿಗೆ (ಮೌಂಟನ್ ಬೈಕ್) 559. ಹಿಂದಿನ ಹಬ್‌ನ (ಚಕ್ರದ ನಡುವಿನ ಗುಂಬ) ಅಗಲ ರಿಮ್ ಬ್ರೇಕ್ ರೋಡ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ 130 ಮಿ.ಮೀ., ಎಂಟಿಬಿಯಲ್ಲಿ 135, ಅಳೆದೇ ಕೊಳ್ಳಿ. ಡಿಸ್ಕ್ ಬ್ರೇಕ್‌ಗಷ್ಟೇ ಮಾಡಿದ ರಿಮ್‌ನಲ್ಲಿ ಪ್ಯಾಡ್ ಉಜ್ಜುವ ಪಟ್ಟಿಯೇ ಇರುವುದಿಲ್ಲ. ಸವೆತ ತೋರಿಸುವ ಗೀರು ಅಥವಾ ಚುಕ್ಕೆ ಇರುವುದನ್ನೇ ಆರಿಸಿ.

ಹಬ್ ಚೆನ್ನಾಗಿದ್ದರೆ ರಿಮ್ ಒಂದನ್ನೇ ಬದಲಿಸಬಹುದು. ಹಳೆಯದರ ಬದಿಗೆ ಸ್ಕೇಲ್ ಇಟ್ಟಾಗ ನಡುವೆ ಹಳ್ಳ ಕಂಡರೆ, ಹೊಸದು ಬರುವವರೆಗೆ ಆ ಚಕ್ರದಲ್ಲಿ ಓಡಾಡಬೇಡಿ. ಗಾಳಿಯ ಒತ್ತಡಕ್ಕೇ ಅದರ ಅಂಚು ಸೀಳಬಹುದು.