ಲಕ್ಷಣಗಳ ಪಟ್ಟಿಯಿಂದ ತರಬೇತಿ ಶುರು ಮಾಡಬೇಡಿ

ಮಾನವ ಕಳ್ಳಸಾಗಣೆಗೆ ಸಿಕ್ಕವರನ್ನು ಗುರುತಿಸಲು ಆಸ್ಪತ್ರೆ ಸಿಬ್ಬಂದಿಗೆ ಯಾವ ಲಕ್ಷಣಗಳನ್ನು ಹೇಳಿಕೊಡಬೇಕು ಎಂದು ಕೇಳಿದ್ದೀರಿ. ಮೂಡಿಗೆರೆ ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ನರ್ಸ್ ಆಗಿದ್ದಾಗ ನನಗೆ ಆ ಲಕ್ಷಣಗಳೆಲ್ಲ ಬಾಯಿಪಾಠವಾಗಿದ್ದವು. ಪ್ರಯೋಜನವಾಗಲಿಲ್ಲ.

ಕಾಫಿ ಕೊಯ್ಲಿನ ಕಾಲ. ಜಾರ್ಖಂಡ್ ಕಡೆಯ ಹುಡುಗಿಯೊಬ್ಬಳನ್ನು ಮೇಸ್ತ್ರಿ ಕರೆತಂದಿದ್ದ. ಮೊಣಕಾಲಿನ ಕೆಳಗಿನ ಗಾಯ ಕೀವುಗಟ್ಟಿ, ಕಟ್ಟಿದ್ದ ಬಟ್ಟೆ ಚರ್ಮಕ್ಕೇ ಅಂಟಿಕೊಂಡಿತ್ತು. ನೆನೆಸಿ ನೆನೆಸಿ ಬಿಡಿಸಬೇಕಾಯಿತು. ಗಾಯವಾಗಿ ಎಷ್ಟು ದಿನವಾಯಿತು ಎಂದರೆ ಉತ್ತರ ಮೇಸ್ತ್ರಿಯದು. ಆಧಾರ್ ಎಲ್ಲಿ ಎಂದರೆ, "ನನ್ನ ಹತ್ತಿರವೇ ಇದೆ ಸಿಸ್ಟರ್, ಇವರು ಕಳೆದುಕೊಳ್ಳುತ್ತಾರೆ" ಎಂದ. ಅನುಮಾನ ಬಂತು. ಏನಾದರೂ ತೊಂದರೆ ಇದೆಯೇ ಎಂದು ಅವಳನ್ನು ಕೇಳಿದೆ, ಅದೂ ಅವನ ಮೂಲಕವೇ. ನನಗೆ ಅವಳ ಭಾಷೆ ಬಾರದು, ಹೊರಗೆ ರೋಗಿಗಳ ಸಾಲು, ಅವನ ಮಾತೂ ನಯವಾಗಿತ್ತು. ಎಲ್ಲವೂ ನಿಜ. ಆದರೂ ಚೀಟಿ ಮಾಡಿಸಿಕೊಂಡು ಬಾ ಎಂದು ಅವನನ್ನು ಆಚೆಗೆ ಕಳುಹಿಸಬಹುದಿತ್ತು. ಹಿಂದಿ ಬಲ್ಲವರನ್ನು ಫೋನಿನಲ್ಲಿ ಹಿಡಿಯಬಹುದಿತ್ತು. ನನ್ನ ಪ್ರಶ್ನೆಯಿಂದ ಆದದ್ದು ಒಂದೇ: ನನಗೆ ಸಂಶಯ ಬಂದಿದೆ ಎಂಬುದು ಅವನಿಗೆ ಗೊತ್ತಾಯಿತು. ಡ್ರೆಸಿಂಗ್ ಬದಲಿಸಲು ಅವಳು ಮತ್ತೆ ಬರಲಿಲ್ಲ. ಆಶಾ ಕಾರ್ಯಕರ್ತೆ ತೋಟದ ಕೂಲಿಯವರ ಲೈನ್ ಮನೆಗೆ ಹೋಗುವಷ್ಟರಲ್ಲಿ ಆ ತಂಡವನ್ನೇ ಬೇರೆಡೆಗೆ ಸಾಗಿಸಿದ್ದರು.

ಹಾಗಾಗಿ ಜೊತೆಗೆ ಬಂದವನನ್ನು ಸಹಜವಾಗಿ ಹೊರಗೆ ಕಳುಹಿಸುವುದನ್ನೇ ಮೊದಲು ಕಲಿಸಿ, ಮಾಡಿಸಿ ನೋಡಿ. ಸರಪಳಿ ಬಿಗಿದ ಕೈಗಳ ಚಿತ್ರ ತೋರಿಸುವುದನ್ನು ಬಿಡಿ. ನಮ್ಮ ಕಡೆ ಕಟ್ಟಿಹಾಕುವ ಆ ಕೆಲಸವನ್ನು ಮುಂಗಡವಾಗಿ ಕೊಟ್ಟ ಹಣದ ಸಾಲವೇ ಮಾಡುತ್ತದೆ. "ತಾವಾಗಿಯೇ ಬಂದವರಲ್ಲವೇ" ಎನ್ನುವವರಿಗೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಓದಿಸಿ: ಕಳ್ಳಸಾಗಣೆಯಲ್ಲಿ ಬಲಿಯಾದವರ ಸಮ್ಮತಿ ಗಣನೆಗೆ ಬರುವುದಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿಯೇ ಹೇಳಿದೆ.

ಆಸ್ಪತ್ರೆಯವರಿಗಷ್ಟೇ ತರಬೇತಿ ಎಂಬುದನ್ನೂ ನಾನು ಒಪ್ಪುವುದಿಲ್ಲ. 2018ರಲ್ಲಿ ಹಾಸನದ ಬಳಿ ಶೆಡ್ಡೊಂದರಲ್ಲಿ ಕೂಡಿಹಾಕಿದ್ದ 52 ಕಾರ್ಮಿಕರನ್ನು ಬಿಡಿಸಿದ್ದು, ಅವರಲ್ಲೊಬ್ಬ ಗೋಡೆ ಹಾರಿ ಬಂದು ಪೊಲೀಸರಿಗೆ ತಿಳಿಸಿದ ಮೇಲೆ. ಜೀತದ ಸಾಲವನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೇ ರದ್ದು ಮಾಡಿದೆ, ಆದರೆ ಜೀತದಿಂದ ಬಿಡುಗಡೆಯಾದರೆಂದು ಹೇಳುವ ಬಿಡುಗಡೆ ಪತ್ರ ಕೈಗೆ ಬಾರದಿದ್ದರೆ ಪುನರ್ವಸತಿಯ ಹಣಕ್ಕೆ ಅಲೆದಾಟ ತಪ್ಪದು. ಆ ಪತ್ರ ಹೊರಡುವ ಉಪವಿಭಾಗಾಧಿಕಾರಿ ಕಚೇರಿಯ ಸಿಬ್ಬಂದಿಯನ್ನೂ ಕಾರ್ಮಿಕ ನಿರೀಕ್ಷಕರನ್ನೂ ನಿಮ್ಮ ನರ್ಸ್‌ಗಳ ಪಕ್ಕದಲ್ಲೇ ಕೂರಿಸಿ. ಮಕ್ಕಳಾದರೆ 1098, ದೊಡ್ಡವರಾದರೆ 112. ಆ ಕರೆಯನ್ನು ರೋಗಿ ಇನ್ನೂ ನಿಮ್ಮ ಕೋಣೆಯೊಳಗೆ ಇರುವಾಗಲೇ ಮಾಡಬೇಕು, ಮೇಸ್ತ್ರಿಯ ಕಿವಿಗೆ ಬೀಳದಂತೆ.