ಮೊದಲು ಪ್ರಭುಭೋಜನಕ್ಕೆ ಹೋಗಿ ಬನ್ನಿ, "ಎಷ್ಟರಮಟ್ಟಿಗೆ" ಅನ್ನೋದು ಆಮೇಲೆ

"ರಕ್ಷಣೆ ಕೃಪೆಯಿಂದ ಅಂದಮೇಲೆ ಆಜ್ಞೆಗಳನ್ನು ಎಷ್ಟರಮಟ್ಟಿಗೆ ಪಾಲಿಸಬೇಕು?" ಅಂತ ಕೇಳಿದ್ದೀರಿ. ನನ್ನ ಕಣ್ಣು ಸಿಕ್ಕಿಕೊಂಡಿದ್ದು ಅದರ ಕೆಳಗೆ ನೀವು ಸೇರಿಸಿದ ಸಾಲಿನಲ್ಲಿ: ಒಂದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತಿರುವುದರಿಂದ ಆರು ತಿಂಗಳಿಂದ ಪ್ರಭುಭೋಜನ (ಯೇಸುವಿನ ಕೊನೆಯ ಊಟದ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ. ನಾನು ನಾಲ್ಕು ವರ್ಷ ತೆಗೆದುಕೊಂಡಿರಲಿಲ್ಲ.

ಆಗ ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ದಿನಕ್ಕೊಂದು ಗೆರೆ, ಬಿದ್ದ ದಿನ ಒಂದು ಸೊನ್ನೆ. ಸೊನ್ನೆ ಬಂತೆಂದರೆ ಎಣಿಕೆ ಮತ್ತೆ ಒಂದರಿಂದ. ಸತತ 40 ಗೆರೆ ಆದರೆ ಮಾತ್ರ ಪ್ರಭುಭೋಜನದ ಮೇಜಿನ ಹತ್ತಿರ ಹೋಗಬಹುದು ಅಂತ ನಿಯಮ. 40 ಯಾಕೆಂದರೆ ಮೋಶೆ ಸೀನಾಯಿ ಬೆಟ್ಟದ ಮೇಲಿದ್ದದ್ದು 40 ದಿನ, ಯೇಸು ಅರಣ್ಯದಲ್ಲಿ ಉಪವಾಸವಿದ್ದದ್ದು 40 ದಿನ. ಯಾವ ಪಾಸ್ಟರೂ ನನಗೆ ಹೀಗೆ ಹೇಳಿರಲಿಲ್ಲ. ಯೆಹೂದಿ ಗುರುಗಳು ಮೋಶೆಯ ಧರ್ಮಶಾಸ್ತ್ರದಲ್ಲಿ ಎಣಿಸಿರುವುದು 613 ಆಜ್ಞೆ. 614ನೆಯದನ್ನು ನಾನೇ ಬರೆದುಕೊಂಡಿದ್ದೆ. ನಮ್ಮ ಸಭೆಯಲ್ಲಿ ತಿಂಗಳಿಗೊಮ್ಮೆ ಪ್ರಭುಭೋಜನ. ಉಳಿದವರೆಲ್ಲ ಎದ್ದು ಹೋಗುವಾಗ ಅವರಿಗೆ ದಾರಿ ಬಿಡಲು ಮಂಡಿ ಓರೆ ಮಾಡಿಕೊಂಡು ಕೂರುತ್ತಿದ್ದೆ. ಅದೇ ನನ್ನ ಆರಾಧನೆ.

ಒಂದೇ ಒಂದು ಸಲ 40 ದಾಟಿತು, ಅಷ್ಟರಲ್ಲಿ ಪ್ರಭುಭೋಜನದ ಭಾನುವಾರವೂ ಬಂತು. ಎದೆಯುಬ್ಬಿಸಿಕೊಂಡು ಎದ್ದೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬರು ನಿಂತಿದ್ದರು, ಅವರ ಬದುಕಿನ ಒಂದು ವಿಷಯ ನನಗೆ ಗೊತ್ತಿತ್ತು. "ಇವರು ಯಾವ ಮುಖ ಇಟ್ಟುಕೊಂಡು ಬಂದಿದ್ದಾರೆ?" ಅನ್ನಿಸಿತು. ರೊಟ್ಟಿ ಕೈಗೆ ಬರುವ ಮೊದಲೇ ಲೂಕ 18ರಲ್ಲಿ ಯೇಸು ಹೇಳಿದ ಕಥೆಯ ಫರಿಸಾಯ, ತಾನೇ ನೀತಿವಂತ ಎಂದು ಬೀಗಿದವನು, ನೆನಪಾದ: ವಾರಕ್ಕೆ ಎರಡು ಸಲ ಉಪವಾಸ, ಸಂಪಾದನೆಯಲ್ಲೆಲ್ಲ ದಶಮಾಂಶ, ಪಕ್ಕದಲ್ಲಿ ನಿಂತ ಸುಂಕದವನ ಮೇಲೊಂದು ಕಣ್ಣು. ವಾಪಸ್ ಬಂದು ಕೂತೆ. ಅಂದರೆ ಸೋತಾಗಲೂ ತೆಗೆದುಕೊಳ್ಳಲಿಲ್ಲ, ಗೆದ್ದಾಗಲೂ ತೆಗೆದುಕೊಳ್ಳಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಅಕ್ಷರ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಎಡವಿದ್ದೀರಿ ಅಂತ ನನ್ನ ಗುಮಾನಿ. ಕೊರಿಂಥದ ಸಭೆಗೆ ಅಪೊಸ್ತಲ ಪೌಲ ಬರೆದ ಪತ್ರದಲ್ಲಿ, 1 ಕೊರಿಂಥ 11:27ರಲ್ಲಿ, ಯಾರಾದರೂ "ಅಯೋಗ್ಯವಾಗಿ" ತಿಂದರೆ, ಕುಡಿದರೆ ಅಪರಾಧಿ ಎಂದಿದೆ. ನಾನು ಓದಿಕೊಂಡಿದ್ದು "ಅಯೋಗ್ಯನಾಗಿ" ಎಂದು. "ವಾ" ಇದ್ದಲ್ಲಿ "ನಾ". ಮೊದಲನೆಯದು ತಿನ್ನುವ ರೀತಿಯ ಮಾತು, ಎರಡನೆಯದು ತಿನ್ನುವವನ ಮಾತು. ಗ್ರೀಕ್ ಮೂಲದಲ್ಲೂ ಅದು ಕ್ರಿಯಾವಿಶೇಷಣವೇ, ಮನುಷ್ಯನಿಗೆ ಹಚ್ಚಿದ ವಿಶೇಷಣವಲ್ಲ. ಹಾಗಾದರೆ ಯಾವ ರೀತಿ? ಹಿಂದಿನ ವಾಕ್ಯಗಳಲ್ಲೇ ಇದೆ. ಕೊರಿಂಥದವರು ಕೂಡಿಬಂದಾಗ ಉಳ್ಳವರು ತಮ್ಮ ತಮ್ಮ ಊಟ ಮೊದಲೇ ಮುಗಿಸುತ್ತಿದ್ದರು. ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲ ಗದರಿಸುವುದು 22ನೇ ವಾಕ್ಯದಲ್ಲಿ. ಕೊನೆಗೆ 33ರಲ್ಲಿ ಅವನು ಹೇಳುವ ಮದ್ದು ಏನು ಗೊತ್ತೇ? ಒಬ್ಬರಿಗೊಬ್ಬರು ಕಾಯಿರಿ. ನಡುವೆ 28ರಲ್ಲಿ ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತಾನೆ. ಪರೀಕ್ಷಿಸಿಕೊಂಡು ಮನೆಗೆ ಹೋಗಲಿ ಎಂದಿಲ್ಲ. ಈ ಅಧ್ಯಾಯವನ್ನು ನಾನು ಎಷ್ಟು ಸಲ ತೆರೆದಿದ್ದೆನೋ, ಅಷ್ಟು ಸಲವೂ 27ರಿಂದಲೇ ಶುರು ಮಾಡಿದ್ದೆ. ಒಂದು ಸಂಜೆ ಬೈಬಲ್ ಅಧ್ಯಯನದಲ್ಲಿ ಒಬ್ಬ ಅಜ್ಜಿ 17ರಿಂದ ಕೊನೆಯ ತನಕ ಜೋರಾಗಿ ಓದಿದರು, ನಿಧಾನವಾಗಿ, ಬೆರಳಿಟ್ಟುಕೊಂಡು. ವ್ಯಾಖ್ಯಾನ ಗೀಖ್ಯಾನ ಏನೂ ಇಲ್ಲ. ನನ್ನ ನಾಲ್ಕು ವರ್ಷ ಅಲ್ಲೇ ಕುಸಿದವು.

ಆಮೇಲೆ ಮೊಟ್ಟಮೊದಲ ಮೇಜಿನ ಸುತ್ತ ಯಾರಿದ್ದರು ಅಂತ ಲೂಕ 22ರಲ್ಲಿ ನೋಡಿದೆ. ಹಿಡಿದುಕೊಡುವವನ ಕೈ ಮೇಜಿನ ಮೇಲೇ ಇದೆ. ತಮ್ಮಲ್ಲಿ ಯಾರು ದೊಡ್ಡವನು ಎಂದು ಉಳಿದವರ ಜಗಳ. ಕೋಳಿ ಕೂಗುವುದರೊಳಗೆ ಮೂರು ಸಲ "ಅರಿಯೆ" ಎನ್ನಲಿರುವ ಪೇತ್ರನೂ ಅಲ್ಲೇ. ನನ್ನ ನೋಟ್‌ಬುಕ್ಕಿನ ಪ್ರಕಾರ ಅವತ್ತು ಆ ಮೇಜಿನಿಂದ ಎಲ್ಲರೂ ಎದ್ದು ಹೋಗಬೇಕಿತ್ತು.

ನನಗೊಬ್ಬನಿಗೇ ನಷ್ಟವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನೋಟ್‌ಬುಕ್ಕಿನ ಎರಡನೇ ವರ್ಷದಲ್ಲಿ ನನ್ನ ತಮ್ಮ ಒಂದು ರಾತ್ರಿ ಬಂದು, ಯಾರಿಗೂ ಹೇಳದ ಒಂದು ವಿಷಯ ನನಗೆ ಹೇಳಿಕೊಂಡ. ನಾನು ಅವನ ಮುಂದೆ ಬೈಬಲ್ ತೆರೆದು 27ನೇ ವಾಕ್ಯಕ್ಕೆ ಬೆರಳಿಟ್ಟೆ. "ಸರಿಹೋಗೋ ತನಕ ಮೇಜಿನ ಹತ್ತಿರ ಬರಬೇಡ" ಎಂದೆ. ಅವನು ನನ್ನ ಮಾತು ಮೀರುವವನಲ್ಲ. ಮೊದಲು ಪ್ರಭುಭೋಜನ ಬಿಟ್ಟ, ಆಮೇಲೆ ಆ ಭಾನುವಾರಗಳನ್ನು ಬಿಟ್ಟ, ಆಮೇಲೆ ಸಭೆಯನ್ನೇ ಬಿಟ್ಟ. ಅದೂ ಜಗಳವಾಡಿಕೊಂಡಲ್ಲ, ವಿಧೇಯತೆಯಿಂದ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. "ಎಷ್ಟರಮಟ್ಟಿಗೆ" ಅನ್ನುವಾಗಲೇ ನೀವು ತಕ್ಕಡಿ ಎತ್ತಿಕೊಂಡಿದ್ದೀರಿ, ಒಂದು ತಟ್ಟೆಯಲ್ಲಿ ಧರ್ಮಶಾಸ್ತ್ರ, ಇನ್ನೊಂದರಲ್ಲಿ ಕೃಪೆ. ಪೌಲನ ಹತ್ತಿರ ಆ ತಕ್ಕಡಿ ಇಲ್ಲ. ಗಲಾತ್ಯ 5:4 ತೆರೆದು ನೋಡಿ. ಯಾರಾದರೂ ಪಾಪದಲ್ಲಿ ಸಿಕ್ಕಿಬಿದ್ದರೆ "ಕೃಪೆಯಿಂದ ಬಿದ್ದುಹೋದ" ಅಂತ ನಾವು ಸಲೀಸಾಗಿ ಅನ್ನುತ್ತೇವೆ. ಪೌಲ ಆ ಮಾತನ್ನು ಪಾಪಿಗಳ ಬಗ್ಗೆ ಹೇಳಿದ್ದೇ ಅಲ್ಲ. ಧರ್ಮಶಾಸ್ತ್ರವನ್ನು ಪಾಲಿಸಿ ನೀತಿವಂತರಾಗುತ್ತೇವೆ ಎಂದು ಹೊರಟವರ ಬಗ್ಗೆ ಹೇಳಿದ್ದು. ಅವನ ಲೆಕ್ಕದಲ್ಲಿ ನಾನು ಬಿದ್ದದ್ದು ಸೊನ್ನೆ ಹಾಕಿದ ದಿನಗಳಲ್ಲಿ ಅಲ್ಲವೇ ಅಲ್ಲ, ನೋಟ್‌ಬುಕ್ ತೆರೆದ ದಿನ.

ಹಾಗಂತ ಹಳೆಯ ಒಡಂಬಡಿಕೆ ಪೂರ್ತಿ ಆಜ್ಞೆ, ಹೊಸದು ಪೂರ್ತಿ ಕೃಪೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಸೋಮಾರಿಗಳ ಹಂಚಿಕೆ. ದಶಾಜ್ಞೆಗಳನ್ನು ನಾವು ವಿಮೋಚನಕಾಂಡ 20:3ರಿಂದ ಬಾಯಿಪಾಠ ಮಾಡುತ್ತೇವೆ, "ಬೇರೆ ದೇವರುಗಳು ಇರಬಾರದು" ಎಂಬಲ್ಲಿಂದ. ಎರಡನೇ ವಾಕ್ಯ ಬಿಟ್ಟುಹೋಗುತ್ತದೆ: ಐಗುಪ್ತದ ದಾಸತ್ವದಿಂದ ನಿನ್ನನ್ನು ಹೊರಗೆ ತಂದವನು ನಾನು. ಯೆಹೂದಿ ಸಂಪ್ರದಾಯ ಹತ್ತರಲ್ಲಿ ಮೊದಲನೆಯದಾಗಿ ಎಣಿಸುವುದು ಇದನ್ನೇ. ಸಮುದ್ರ ದಾಟಿಸಿದ್ದು 14ನೇ ಅಧ್ಯಾಯದಲ್ಲಿ, ಆಜ್ಞೆ ಕೊಟ್ಟಿದ್ದು 20ರಲ್ಲಿ. ಇಷ್ಟು ಪಾಲಿಸಿದರೆ ಬಿಡಿಸುತ್ತೇನೆ ಎಂದು ಐಗುಪ್ತದಲ್ಲಿ ಯಾರಿಗೂ ಪಟ್ಟಿ ಕೊಟ್ಟಿರಲಿಲ್ಲ. ಇಲ್ಲೂ ನನ್ನದು ಅದೇ ಚಾಳಿ ನೋಡಿ, ಹಿಂದಿನ ವಾಕ್ಯ ಬಿಟ್ಟು ಓದುವುದು.

ಕೃಪೆ ಬಂದಮೇಲೆ ಆಜ್ಞೆ ಏನಾಗುತ್ತದೆ ಎನ್ನುವುದಕ್ಕೆ ನನಗೆ ರೋಮಾಪುರದವರಿಗೆ ಬರೆದ ಪತ್ರಕ್ಕಿಂತ ಜಕ್ಕಾಯನೇ ಹೆಚ್ಚು ಕಲಿಸಿದ. ಅವನು ಸುಂಕ ವಸೂಲಿಯವರ ಮುಖ್ಯಸ್ಥ, ಯೇಸುವನ್ನು ನೋಡಲು ಮರ ಹತ್ತಿದವನು (ಲೂಕ 19). ಸ್ವತಃ ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಎಂಬುದು ಅರಣ್ಯಕಾಂಡ 5:7ರ ನಿಯಮ. ಕುರಿ ಕದ್ದು ಕೊಂದವನೋ ಮಾರಿದವನೋ ಆದರೆ ಒಂದಕ್ಕೆ ನಾಲ್ಕು ಕೊಡಬೇಕು. ಯೇಸು ಮರದ ಕೆಳಗೆ ನಿಂತು ಇದ್ಯಾವುದನ್ನೂ ಎತ್ತಲಿಲ್ಲ, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದ, ಅಷ್ಟೇ. ಆಮೇಲೆ ಜಕ್ಕಾಯ ತಾನಾಗಿ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ಎಂದುಬಿಟ್ಟ. ಐದನೇ ಒಂದು ಪಾಲು ಸಾಕಿದ್ದ ಕಡೆ ಕುರಿಗಳ್ಳನ ದಂಡವನ್ನು ತಾನೇ ಹಾಕಿಕೊಂಡ. "ಎಷ್ಟರಮಟ್ಟಿಗೆ" ಎಂದು ಅವನು ಕೇಳಲೇ ಇಲ್ಲ.

ಅಗ್ಗದ ಕೃಪೆಯ ಬಗ್ಗೆ ನಿಮ್ಮನ್ನು ಎಚ್ಚರಿಸುವವರು ಬರುತ್ತಾರೆ, ಜರ್ಮನ್ ದೇವತಾಶಾಸ್ತ್ರಜ್ಞ ಬೊನ್‌ಹಾಫರ್ ಹೆಸರು ಹೇಳುತ್ತಾರೆ. ಬೊನ್‌ಹಾಫರ್ 1937ರಲ್ಲಿ ಅದನ್ನು ಹೇಳಿದ್ದು ನಿಜ, ಹೇಳಬೇಕಾಗಿಯೂ ಇತ್ತು. ಆದರೆ ಅದು ಏನನ್ನೂ ಬಿಟ್ಟುಕೊಡದೆ ಕ್ಷಮೆಯನ್ನು ಮಾತ್ರ ಜೇಬಿಗೆ ಹಾಕಿಕೊಂಡವರಿಗೆ ಹೇಳಿದ ಮಾತು. ತನ್ನ ಮೇಲೆ ತಾನೇ ಬಾಗಿಲು ಹಾಕಿಕೊಂಡು ಕೂತವರಿಗೆ ಅದೇ ಔಷಧಿ ಕುಡಿಸಿದರೆ ವಿಷವಾಗುತ್ತದೆ. ನೋಟ್‌ಬುಕ್ ಹರಿದ ಮೇಲೆ ಕೆಲವು ತಿಂಗಳು ನಾನೂ ಯಾವ ಆಜ್ಞೆಯೂ ಬೇಡ ಎಂದು ಓಡಾಡಿದ್ದೆ, ಅದರಲ್ಲಿ ಹೇಳುವಂಥದ್ದೇನಿಲ್ಲ. 16ನೇ ಶತಮಾನದಲ್ಲಿ ಅಗ್ರಿಕೋಲ ಎಂಬವರು ಅದನ್ನೇ ಬೋಧಿಸಲು ಹೊರಟಾಗ ಎದುರು ನಿಂತವರು, ರಕ್ಷಣೆ ಕೃಪೆಯಿಂದಲೇ ಎಂದು ಸಾರಿದ ಸುಧಾರಕ ಲೂಥರ್ ಸ್ವತಃ. ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪ ಒಪ್ಪಿಸಿ ತನ್ನ ಗುರು ಸ್ಟೌಪಿಟ್ಸ್‌ಗೆ ಸಾಕುಸಾಕು ಮಾಡಿದ ಅದೇ ಲೂಥರ್.

ನೀವು ಮಾಡಬೇಕಾದ್ದು ಎರಡು. ನಿಮ್ಮ ಪಾಪದಿಂದ ಇನ್ನೊಬ್ಬರಿಗೆ ನೋವಾಗಿದ್ದರೆ ಮೊದಲು ಅವರ ಹತ್ತಿರ ಹೋಗಿ. ಮತ್ತಾಯ 5:24 ಅದನ್ನೇ ಹೇಳುತ್ತದೆ, ಆದರೆ ಅದೇ ವಾಕ್ಯ "ಆಮೇಲೆ ಬಂದು" ಅಂತಲೂ ಹೇಳುತ್ತದೆ, ಬಲಿಪೀಠದ ಮುಂದೆ ಬಿಟ್ಟುಹೋದ ಕಾಣಿಕೆ ಅಲ್ಲೇ ಕಾಯುತ್ತಿರುತ್ತದೆ. ನೋವಾಗಿದ್ದು ನಿಮಗೊಬ್ಬರಿಗೇ ಆದರೆ ಬಾಯಿ ಭದ್ರವಿರುವ ಒಬ್ಬರಿಗೆ ಹೇಳಿಕೊಳ್ಳಿ. ನನ್ನ ಸೊನ್ನೆಗಳು ಕಡಿಮೆಯಾಗಿದ್ದು (ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ) ಹಾಗೆ ಒಬ್ಬರಿಗೆ ಹೇಳಿಕೊಂಡ ಮೇಲೆ. ಗೆರೆ ಎಳೆದಿದ್ದಕ್ಕೆ ಒಂದೂ ಕಡಿಮೆಯಾಗಲಿಲ್ಲ. ಮುಂದಿನ ಪ್ರಭುಭೋಜನಕ್ಕೆ ಎದ್ದು ಹೋಗಿ. ನೆಟ್ಟಗಾಗಿ ಹೋಗುತ್ತೇನೆ ಎಂದುಕೊಳ್ಳಬೇಡಿ, ಇದ್ದ ಹಾಗೇ ಹೋಗಿ.

ತಮ್ಮನಿಗೆ ಹೋದ ವರ್ಷ ಬರೆದೆ. ವಾ, ನಾ ಎಲ್ಲ ವಿವರಿಸಿ, ನಾನು ನಿನಗೆ ತಪ್ಪು ಓದಿಕೊಟ್ಟೆ ಅಂತ ಒಪ್ಪಿಕೊಂಡೆ. ಅವನಿಂದ ಬಂದದ್ದು ಒಂದೇ ಸಾಲು: "ಅಣ್ಣ, ನೀನು ಈಗ ತಗೋತಿದ್ದೀಯಾ? 40 ಆಯ್ತಾ?" ಹೌದು, ತಗೋತಿದ್ದೀನಿ, ಇಲ್ಲ, ಆಗಿಲ್ಲ ಎಂದು ಬರೆದೆ. ಓದಿದ್ದಾನೆ, ಅಷ್ಟು ಗೊತ್ತು.